ಎರಡನೇ ಗೇರಿನ ಏದುಸಿರು

ತಮ್ಮ ಫೋನ್ ಮಾಡಿದಾಗ ನಾನು ಲ್ಯಾಬಿನಲ್ಲಿ ಗ್ಯಾಸ್ ಸಿಲಿಂಡರಿನ ವಾಲ್ವ್ ಮುಚ್ಚುತ್ತಿದ್ದೆ. "ಅಕ್ಕಾ, ನೀನು ರಿಸರ್ಚ್ ಮಾಡ್ತೀಯಲ್ಲ, ನಂಗೊಂದು ರಿಸರ್ಚ್ ಮಾಡಿ ಹೇಳು" ಅಂದ. ನಮ್ಮ ಮನೆಯಲ್ಲಿ ನನ್ನ ಪಿಎಚ್‌ಡಿಗೆ ಸಿಕ್ಕಿರುವ ಬಳಕೆ ಇದೇ. ಯಾವ ಫ್ರಿಜ್ ತಗೊಳ್ಳೋದು, ಅಮ್ಮನ ಥೈರಾಯ್ಡ್ ಮಾತ್ರೆ ತಿಂಡಿಗೆ ಮುಂಚೆಯೋ ಆಮೇಲೋ, ಪಕ್ಕದ ಮನೆಯವರ ಇನ್ವರ್ಟರ್ ಯಾಕೆ ಕೂಗುತ್ತದೆ, ಎಲ್ಲವೂ ನನ್ನ ಸಂಶೋಧನಾ ವ್ಯಾಪ್ತಿಗೇ ಬರುತ್ತವೆ. ನಿಜವಾಗಿ ನಾನು ಮಾಡುತ್ತಿರುವುದು ಗಾಜಿನ ಚೂರಿನ ಮೇಲೆ ಸತುವಿನ ಆಕ್ಸೈಡಿನ ತೆಳುಪದರ ಬೆಳೆಸಿ, ಅದಕ್ಕೆ ಅಮೋನಿಯಾ ತಾಗಿದಾಗ ವಿದ್ಯುತ್ ರೋಧ ಎಷ್ಟು ಬದಲಾಗುತ್ತದೆ ಎಂದು ಅಳೆಯುವುದು. ಸರಳವಾಗಿ ಹೇಳಿದರೆ ಸೆನ್ಸರ್ ಮಾಡುವುದು. ಐದು ವರ್ಷ ಕಳೆದು ಆರನೆಯದು ನಡೆಯುತ್ತಿದೆ.

ತಮ್ಮನಿಗೆ ಬೇಕಿದ್ದದ್ದು ಕಾರಿನ ಎಂಜಿನ್ನಿಗೆ ಹಾಕುವ ಟ್ಯೂನಿಂಗ್ ಬಾಕ್ಸ್. ಮಂಗಳೂರಿನ ಒಂದು ಅಂಗಡಿಯವರು 18 ಸಾವಿರ ಹೇಳಿದ್ದರಂತೆ. ಅರ್ಧ ಗಂಟೆಯಲ್ಲಿ ಕೂರಿಸಿ ಕೊಡುತ್ತಾರೆ, ಪವರ್ ಶೇ. 25 ಜಾಸ್ತಿ, ಮೈಲೇಜೂ ಜಾಸ್ತಿ. "ಚೀಟಿ ದುಡ್ಡು ಈ ತಿಂಗಳು ಎತ್ತಿದ್ದೀನಿ. ಹಾಕಿಸಬಹುದಾ, ಹಾಕಿಸಿದ್ರೆ ಯಾವುದು, ಎಂಜಿನ್ ಹೋಗಬಾರದು, ಅಷ್ಟು ಹೇಳು."

ನಾನು ಆ ಕ್ಷಣಕ್ಕೆ ಬಾಯಿಗೆ ಬಂದದ್ದು ಹೇಳಿದೆ. "ಅದೆಲ್ಲ ಎಂತಕ್ಕೆ ಮಾರಾಯ, ಕಂಪನಿ ಕೊಟ್ಟ ಹಾಗೇ ಇರ್ಲಿ."

ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಬೇಡ ಅನ್ನೋದು ಸುಲಭ ಅಕ್ಕ. ನಿಂಗೆ ತಿಂಗಳಿಗೆ ಫೆಲೋಶಿಪ್ ಬರ್ತದೆ" ಅಂದು ಫೋನಿಟ್ಟ.

ಫೆಲೋಶಿಪ್ಪಿನ ಅವಧಿ ಮುಗಿದು ಆಗ ನಾಲ್ಕು ತಿಂಗಳಾಗಿತ್ತು. ಮನೆಯಲ್ಲಿ ನಾನು ಹೇಳಿರಲಿಲ್ಲ.

ಅವನ ಗಾಡಿಯ ಬಗ್ಗೆ ಹೇಳಬೇಕು. ಕೊಪ್ಪದಲ್ಲಿ ಹಳದಿ ಬೋರ್ಡು ಹಾಕಿಕೊಂಡು ಓಡಿಸುವ 2014ರ ಸೆಡಾನ್, ಮೂರು ವರ್ಷದ ಹಿಂದೆ ಸೆಕೆಂಡ್ ಹ್ಯಾಂಡ್ ತಗೊಂಡದ್ದು, ಮೀಟರ್ 1,86,000 ದಾಟಿತ್ತು. ಅಪ್ಪನ ಬೆನ್ನು ಕೈಕೊಟ್ಟ ವರ್ಷ ಪಿಯುಸಿ ಮುಗಿಸಿ ಸ್ಟೇರಿಂಗ್ ಹಿಡಿದವನು ಅವನು. ಅದೇ ವರ್ಷ ಎಂಎಸ್‌ಸಿ ಸೀಟು ಸಿಕ್ಕಿ ಬಸ್ಸು ಹತ್ತಿದವಳು ನಾನು. ಈ ಲೆಕ್ಕವನ್ನು ನಾವಿಬ್ಬರೂ ಜೋರಾಗಿ ಯಾವತ್ತೂ ಹೇಳಿಕೊಂಡಿಲ್ಲ.

ಗಾಡಿಯ ಒಳಗಿರುವುದು ಫಿಯಟ್‌ನವರ 1248 ಸಿಸಿ ಮಲ್ಟಿಜೆಟ್ ಡೀಸೆಲ್ ಎಂಜಿನ್. ಒಂದು ಕಾಲಕ್ಕೆ ನಮ್ಮ ದೇಶದಲ್ಲಿ ಎಷ್ಟೊಂದು ಕಂಪನಿಗಳ ಕಾರಿನಲ್ಲಿ ಇದೇ ಕೂತಿತ್ತು ಅಂದರೆ, ಜನ ತಮಾಷೆಗೆ ಇದನ್ನು ರಾಷ್ಟ್ರೀಯ ಎಂಜಿನ್ ಅನ್ನುತ್ತಿದ್ದರು. ಒಳ್ಳೇ ಎಂಜಿನ್. ನಮ್ಮದರಲ್ಲಿರುವ ರೂಪದಲ್ಲಿ 75 ಹಾರ್ಸ್‌ಪವರ್, 2000 ಆರ್‌ಪಿಎಂನಲ್ಲಿ 190 ನ್ಯೂಟನ್ ಮೀಟರ್ ಟಾರ್ಕ್. ಆ 2000 ಅನ್ನುವ ಸಂಖ್ಯೆಯಲ್ಲೇ ಎಲ್ಲ ಇದೆ. ಇದರ ಟರ್ಬೋ ಸ್ಥಿರ ಆಕಾರದ್ದು. ಹೊಗೆಯ ರಭಸಕ್ಕೆ ಅದರ ಚಕ್ರ ತಿರುಗಬೇಕು, ಆ ಚಕ್ರ ಗಾಳಿಯನ್ನು ಒತ್ತಿ ಎಂಜಿನ್ನಿನೊಳಗೆ ನೂಕಬೇಕು. ಎಂಜಿನ್ ನಿಧಾನಕ್ಕೆ ತಿರುಗುತ್ತಿದ್ದರೆ ಹೊಗೆಗೆ ರಭಸವಿಲ್ಲ, ಟರ್ಬೋ ಎದ್ದೇಳುವುದಿಲ್ಲ. ಬಯಲುಸೀಮೆಯ ಹೆದ್ದಾರಿಯಲ್ಲಿ ಇದು ಗೊತ್ತೇ ಆಗುವುದಿಲ್ಲ. ಆಗುಂಬೆ ಘಾಟಿಯಲ್ಲಿ ಗೊತ್ತಾಗುತ್ತದೆ.

ಸೋಮೇಶ್ವರದಿಂದ ಮೇಲೆ ಹತ್ತುವವರಿಗೆ ಹದಿನಾಲ್ಕು ಹೇರ್‌ಪಿನ್ ತಿರುವು. ಪ್ರತಿ ತಿರುವಿನಲ್ಲೂ ಎದುರಿಂದ ಬರುವ ಗಾಡಿಗೆ ದಾರಿ ಬಿಟ್ಟು, ಬಹುತೇಕ ನಿಂತು, ಮತ್ತೆ ಹತ್ತಬೇಕು. ಎರಡನೇ ಗೇರಿನಲ್ಲಿ ಆರ್‌ಪಿಎಂ 1200ಕ್ಕೆ ಬಿದ್ದಿರುತ್ತದೆ. ಡಿಕ್ಕಿ ತುಂಬ ಲಗೇಜು, ಒಳಗೆ ನಾಲ್ಕು ಜನ, ಎಸಿ. ಅಷ್ಟು ಹೊತ್ತಿಗೆ ಎಕ್ಸಿಲರೇಟರ್ ಒತ್ತಿದರೆ ಗಾಡಿ ಏದುಸಿರು ಬಿಡುತ್ತದೆ. ಆ ಮೇ ತಿಂಗಳಲ್ಲಿ ಒಂದು ದಿನ, ಮಣಿಪಾಲದಿಂದ ವಯಸ್ಸಾದ ದಂಪತಿಯನ್ನು ಕರೆದುಕೊಂಡು ಬರುವಾಗ ಏಳನೇ ತಿರುವಿನಲ್ಲಿ ಗಾಡಿ ನಿಂತೇ ಹೋಯಿತು. ಹಿಂದಕ್ಕೆ ಒಂದು ಮಾರು ಜಾರಿತಂತೆ. ಹಿಂದೆ ಒಂದು ಮಿನಿ ಬಸ್ಸು ಇತ್ತು. ಏನೂ ಆಗಲಿಲ್ಲ. ಆದರೆ ಆ ಅಜ್ಜ ಹೋಂಸ್ಟೇ ಮಾಲೀಕರ ಹತ್ತಿರ ಹೇಳಿದರು, ಮಾಲೀಕರು ತಮ್ಮನಿಗೆ ಫೋನ್ ಮಾಡಿ, "ನಿನ್ನ ಗಾಡಿ ಯಾಕೋ ಮುದಿಯಾಯ್ತು ಕಾಣ್ತದೆ" ಅಂದರು. ಆ ಹೋಂಸ್ಟೇಯ ಬಾಡಿಗೆ ತಿಂಗಳಿಗೆ ಎಂಟು ಹತ್ತು ಬರುತ್ತಿತ್ತು. ಆಮೇಲೆ ನಿಂತಿತು. ಇದೆಲ್ಲ ನನಗೆ ಅಮ್ಮ ಹೇಳಿ ಗೊತ್ತಾದದ್ದು. ಅವನು ಹೇಳಿದ್ದು ಪವರ್ ಬೇಕು ಅಂತ ಮಾತ್ರ.

ಹೀಗಾಗಿ ಮಾರನೇ ದಿನದಿಂದ ನಾನು ನಿಜಕ್ಕೂ ಓದಲು ಕೂತೆ. ಥೀಸಿಸ್ಸಿನ ನಾಲ್ಕನೇ ಅಧ್ಯಾಯ ಬರೆಯದೇ ಇರಲು ಇಷ್ಟು ಮರ್ಯಾದೆಯ ಕಾರಣ ಬೇರೆ ಸಿಗುತ್ತಿರಲಿಲ್ಲ.

ಮಾರುಕಟ್ಟೆಯಲ್ಲಿ ಒಂದೇ ಹೆಸರಿನಡಿ ನಾಲ್ಕು ಬೇರೆ ಬೇರೆ ವಸ್ತು ಮಾರುತ್ತಾರೆ ಅನ್ನುವುದು ಮೊದಲು ತಿಳಿದದ್ದು. ತೀರಾ ಅಗ್ಗದ್ದು, ಸ್ಟೇರಿಂಗ್ ಕೆಳಗಿನ ಒಬಿಡಿ ಸಾಕೆಟ್ಟಿಗೆ ಚುಚ್ಚುವ ಚಿಪ್. ಇದನ್ನು ತಮ್ಮ ಆಗಲೇ 400 ರೂಪಾಯಿಗೆ ತರಿಸಿ, ಎರಡು ವಾರ ಓಡಿಸಿ, "ಸ್ವಲ್ಪ ಫರಕ್ ಇದೆ ಅನ್ಸುತ್ತೆ" ಅನ್ನುತ್ತಿದ್ದ. ಅದನ್ನು ಬಸ್ಸಿನಲ್ಲಿ ಕಳಿಸು ಅಂದೆ. ಎಲೆಕ್ಟ್ರಾನಿಕ್ಸ್ ವಿಭಾಗದ ಗೆಳತಿಯೂ ನಾನೂ ಸೇರಿ ಬಿಚ್ಚಿ ನೋಡಿದರೆ ಒಳಗೆ ಒಂದು ಸಣ್ಣ ಚಿಪ್, ಒಂದು ಬಟನ್, ಮೂರು ಎಲ್‌ಇಡಿ. ಕಾರಿನ ಕಂಪ್ಯೂಟರ್ ಜೊತೆ ಮಾತಾಡುವ ತಂತಿಗಳಿಗೆ ಒಳಗಿನ ಯಾವುದಕ್ಕೂ ಸಂಬಂಧವೇ ಇಲ್ಲ. ಬ್ಯಾಟರಿಯಿಂದ ಕರೆಂಟು ತಗೊಂಡು ದೀಪ ಮಿಣುಕಿಸುವುದಷ್ಟೇ ಅದರ ಕೆಲಸ. ಗೆಳತಿ ಬಿದ್ದು ಬಿದ್ದು ನಕ್ಕಳು. ನನಗೆ ನಗು ಬರಲಿಲ್ಲ, 400 ರೂಪಾಯಿ ಅಂದರೆ ಅವನಿಗೆ ಶೃಂಗೇರಿಯ ಒಂದು ಟ್ರಿಪ್ಪಿನಲ್ಲಿ ಉಳಿಯುವ ಹಣ.

ಎರಡನೆಯದು ಪೆಡಲ್ ಬಾಕ್ಸ್. ನೀವು ಎಕ್ಸಿಲರೇಟರನ್ನು ಅರ್ಧ ಒತ್ತಿದರೆ ಮುಕ್ಕಾಲು ಒತ್ತಿದ್ದಾರೆ ಎಂದು ಎಂಜಿನ್ನಿನ ಕಂಪ್ಯೂಟರಿಗೆ, ಅಂದರೆ ಇಸಿಯುಗೆ, ಹೇಳುತ್ತದೆ. ಗಾಡಿ ಚುರುಕಾದಂತೆ ಅನಿಸುತ್ತದೆ. ಪೂರ್ತಿ ಒತ್ತಿದಾಗ ಸಿಗುವುದು ಮೊದಲಿನಷ್ಟೇ. ಎಂಜಿನ್ನಿಗೆ ಹಾನಿಯಿಲ್ಲ, ಘಾಟಿಯಲ್ಲಿ ಉಪಯೋಗವೂ ಇಲ್ಲ, ಅಲ್ಲಿ ಅವನ ಕಾಲು ಹೇಗೂ ನೆಲ ಮುಟ್ಟಿರುತ್ತದೆ.

ಮೂರನೆಯದು ಮಂಗಳೂರಿನವರು ಹೇಳಿದ ಬಾಕ್ಸ್. ಇದರ ಬಗ್ಗೆ ಓದುವಾಗ ನನಗೆ ಮೈ ಜುಮ್ಮೆಂದಿತು, ಯಾಕೆಂದರೆ ಇದು ನನ್ನದೇ ವಿಷಯ. ಈಗಿನ ಡೀಸೆಲ್ ಎಂಜಿನ್ನಿನಲ್ಲಿ ಪಂಪು ಡೀಸೆಲನ್ನು ಒಂದು ಗಟ್ಟಿ ಕೊಳವೆಯಲ್ಲಿ ಭಾರೀ ಒತ್ತಡದಲ್ಲಿ ತುಂಬಿಡುತ್ತದೆ. ವಾತಾವರಣದ ಒತ್ತಡದ ಸಾವಿರ ಪಟ್ಟಿಗೂ ಮೇಲೆ. ಆ ಕೊಳವೆಯ ತುದಿಯಲ್ಲಿ ಒಂದು ಒತ್ತಡದ ಸೆನ್ಸರ್. ಅದು ಕೊಡುವ ವೋಲ್ಟೇಜ್ ನೋಡಿ ಇಸಿಯು ಒತ್ತಡ ಸರಿಪಡಿಸುತ್ತದೆ, ಇಂಜೆಕ್ಟರ್ ಎಷ್ಟು ಹೊತ್ತು ತೆರೆದಿರಬೇಕು ಎಂದು ಲೆಕ್ಕ ಹಾಕುತ್ತದೆ. ಬಾಕ್ಸ್ ಕೂರುವುದು ಈ ಸೆನ್ಸರಿಗೂ ಇಸಿಯುಗೂ ನಡುವೆ. ಉದಾಹರಣೆಗೆ ನಿಜವಾದ ಒತ್ತಡ 1200 ಬಾರ್ ಇದ್ದರೆ ಇದು 1050 ಅನ್ನುತ್ತದೆ. ಇಸಿಯು ಪಾಪ, ಕಡಿಮೆಯಾಯಿತು ಎಂದು ಇನ್ನಷ್ಟು ಏರಿಸುತ್ತದೆ. ಇಂಜೆಕ್ಟರ್ ತೆರೆದಿರುವ ಹೊತ್ತು ಅಷ್ಟೇ, ಒಳಗೆ ಹೋಗುವ ಡೀಸೆಲ್ ಹೆಚ್ಚು. ಪವರ್ ಬರುವುದು ನಿಜ. ಮೈಲೇಜು ಜಾಸ್ತಿ ಅನ್ನುವುದರಲ್ಲಿ ಒಂದು ತಮಾಷೆ ಇದೆ: ಮೀಟರಿನಲ್ಲಿ ಕಾಣುವ ಮೈಲೇಜು ಇಸಿಯು ತನ್ನ ಲೆಕ್ಕದಿಂದ ತೋರಿಸುವುದು. ಹೆಚ್ಚುವರಿ ಹೋದ ಡೀಸೆಲ್ ಅದಕ್ಕೆ ಗೊತ್ತೇ ಇಲ್ಲವಲ್ಲ, ಹಾಗಾಗಿ ಒಳ್ಳೇ ಸಂಖ್ಯೆ ತೋರಿಸುತ್ತದೆ. ಪಂಪಿನ ಬಿಲ್ಲು ಬೇರೆ ಹೇಳುತ್ತದೆ.

ಹಳೇ ಪೆಟ್ರೋಲ್ ಗಾಡಿಗಳಿಗೆ ಇದೇ ತಂತ್ರದ ಬಡ ರೂಪವೊಂದಿತ್ತು. ಒಳಹೋಗುವ ಗಾಳಿಯ ಉಷ್ಣತೆ ಅಳೆಯುವ ಸೆನ್ಸರಿಗೆ ಒಂದು ರೆಸಿಸ್ಟರ್ ಸೇರಿಸುವುದು. ಆ ಸೆನ್ಸರಿನ ರೋಧ ತಣ್ಣಗಾದಷ್ಟೂ ಏರುತ್ತದೆ. ರೆಸಿಸ್ಟರ್ ಸೇರಿಸಿದರೆ ಇಸಿಯು ಗಾಳಿ ತಣ್ಣಗಿದೆ, ದಟ್ಟವಾಗಿದೆ ಎಂದು ನಂಬಿ ಇಂಧನ ಹೆಚ್ಚಿಸುತ್ತದೆ. ಕೆಲವು ರೂಪಾಯಿಯ ರೆಸಿಸ್ಟರನ್ನು ಡಬ್ಬಿಯಲ್ಲಿ ಹಾಕಿ ಮಾರಿದ್ದಾರೆ.

ಇದನ್ನು ತಮ್ಮನಿಗೆ ಹೇಗೆ ಹೇಳುವುದು ಎಂದು ಯೋಚಿಸುವಾಗ ಕುಲುಮೆಯ ಕತೆ ನೆನಪಾಯಿತು. ಎರಡನೇ ವರ್ಷದಲ್ಲಿ ನಾನು ಆರು ವಾರ ಕಷ್ಟಪಟ್ಟು ಮಾಡಿದ ಹನ್ನೆರಡು ಗಾಜಿನ ಸ್ಯಾಂಪಲ್ಲುಗಳನ್ನು 450 ಡಿಗ್ರಿಯಲ್ಲಿ ಕಾಯಿಸಲು ಕುಲುಮೆಗೆ ಇಟ್ಟು ಊಟಕ್ಕೆ ಹೋಗಿದ್ದೆ. ಉಷ್ಣತೆ ಅಳೆಯುವ ಥರ್ಮೋಕಪಲ್ ತಂತಿಯನ್ನು ಸರಿಯಾಗಿ ಒಳಗೆ ತಳ್ಳಿರಲಿಲ್ಲ. ಅದು ಜಾರಿ ಬಾಯಿಯ ಹತ್ತಿರ ಬಂದಿತ್ತು. ಕಂಟ್ರೋಲರ್‌ಗೆ ಕಂಡದ್ದು 300 ಚಿಲ್ಲರೆ. ಇನ್ನೂ ಕಾದಿಲ್ಲ ಎಂದು ಅದು ಕರೆಂಟು ಹರಿಸುತ್ತಲೇ ಹೋಯಿತು. ನಾನು ವಾಪಸು ಬಂದಾಗ ಡಿಸ್ಪ್ಲೇಯಲ್ಲಿ ಎಲ್ಲ ಶಾಂತವಾಗಿತ್ತು. ಬಾಗಿಲು ತೆರೆದರೆ ಗಾಜುಗಳು ಹಪ್ಪಳದಂತೆ ಬಾಗಿದ್ದವು. ಕಂಟ್ರೋಲರ್ ಕೆಟ್ಟಿರಲಿಲ್ಲ. ತನಗೆ ಬಂದ ಸುದ್ದಿಯನ್ನು ನಂಬಿತ್ತು. ಹೆಚ್ಚು ಕಾದರೆ ಆಫ್ ಆಗುವ ರಕ್ಷಣೆಯೂ ಅದರಲ್ಲಿತ್ತು, ಆದರೆ ಆ ರಕ್ಷಣೆ ನೋಡುತ್ತಿದ್ದದ್ದೂ ಅದೇ ತಂತಿಯನ್ನು.

ಬಾಕ್ಸಿನ ತೊಂದರೆ ಇರುವುದು ಇಲ್ಲೇ. ಇಸಿಯುನಲ್ಲಿ ಒತ್ತಡ ಇಷ್ಟು ದಾಟಬಾರದು ಎಂಬ ಮಿತಿ ಇರುತ್ತದೆ. ಅದು ಹೋಲಿಸುವುದು ಬಾಕ್ಸ್ ಹೇಳಿದ ಸುಳ್ಳು ಸಂಖ್ಯೆಯನ್ನು. ಉದ್ದದ ಏರಿನಲ್ಲಿ ಹೆಚ್ಚು ಡೀಸೆಲ್ ಉರಿದರೆ ಹೊಗೆಯ ಉಷ್ಣತೆ ಏರುತ್ತದೆ, ಆ ಬಿಸಿಯಲ್ಲೇ ಟರ್ಬೋ ಚಕ್ರ ನಿಮಿಷಕ್ಕೆ ಲಕ್ಷಕ್ಕೂ ಮಿಕ್ಕಿ ಸುತ್ತು ತಿರುಗಬೇಕು. ಟಾರ್ಕ್ ಏರಿದರೆ ಮೊದಲು ಜಾರುವುದು ಸವೆದ ಕ್ಲಚ್ಚು. ಗಾಳಿ ಸಾಲದೆ ಡೀಸೆಲ್ ಮಾತ್ರ ಹೆಚ್ಚಾದರೆ ಕಪ್ಪು ಹೊಗೆ.

ನಾಲ್ಕನೆಯದು ರೀಮ್ಯಾಪ್. ಇಲ್ಲಿ ಡಬ್ಬಿ ಇಲ್ಲ, ಇಸಿಯು ಒಳಗಿನ ಲೆಕ್ಕದ ಪಟ್ಟಿಗಳನ್ನೇ ತಿದ್ದುತ್ತಾರೆ. ಡೀಸೆಲ್ಲು, ಟರ್ಬೋದ ಒತ್ತಡ, ಹೊಗೆ ಬರದಂತೆ ತಡೆಯುವ ಮಿತಿ ಎಲ್ಲವನ್ನೂ ಒಟ್ಟಿಗೆ ಬದಲಿಸಬಹುದು, ಮತ್ತು ಎಂಜಿನ್ನಿಗೆ ತಾನು ಏನು ಮಾಡುತ್ತಿದ್ದೇನೆ ಎಂದು ಗೊತ್ತಿರುತ್ತದೆ. ಮಾಡುವವನಿಗೂ ಗೊತ್ತಿದ್ದರೆ ಬಾಕ್ಸಿಗಿಂತ ಇದು ಮೇಲು. ಗೊತ್ತಿಲ್ಲದೆ ಎಲ್ಲಿಂದಲೋ ಇಳಿಸಿಕೊಂಡ ಫೈಲನ್ನು ಎಲ್ಲ ಗಾಡಿಗೂ ತುಂಬುವವನಾದರೆ ಬಾಕ್ಸಿಗಿಂತ ಕೆಟ್ಟದ್ದು, ಯಾಕೆಂದರೆ ಬಾಕ್ಸನ್ನು ಕಿತ್ತು ಎಸೆಯಬಹುದು. ಇವೆರಡೂ ಒಟ್ಟಾರೆ ಮೋಸ ಎಂದು ನಾನು ಹೇಳುವುದಿಲ್ಲ. ಆರೋಗ್ಯವಾಗಿರುವ ಎಂಜಿನ್ನಿಗೆ, ಹಿತಮಿತವಾಗಿ, ಆ ಮಾಡೆಲ್ಲಿಗೆಂದೇ ಮಾಡಿದ್ದನ್ನು ಹಾಕಿಸಿ ಎಣ್ಣೆಯನ್ನು ಬೇಗ ಬೇಗ ಬದಲಿಸಿಕೊಂಡು ಖುಷಿಯಾಗಿರುವವರಿದ್ದಾರೆ. ಅವರ ಗಾಡಿ ಭಾನುವಾರದ್ದು. ನನ್ನ ತಮ್ಮನದು ದಿನದ ಅನ್ನ.

ಶನಿವಾರ ತಮ್ಮನ ಜೊತೆ ಮಂಗಳೂರಿನ ಅಂಗಡಿಗೆ ಹೋದೆ. ಅಂಗಡಿಯವರು ಒಳ್ಳೆಯ ಮಾತುಗಾರರು. "ಇದೇ ಎಂಜಿನ್ ಬೇರೆ ಕಾರಿನಲ್ಲಿ 90 ಕೊಡುತ್ತೆ ಮೇಡಂ, ನಿಮ್ಮದರಲ್ಲಿ ಕಂಪನಿಯವರು ಸುಮ್ಮನೆ ಕಟ್ಟಿಹಾಕಿದ್ದಾರೆ" ಅಂದರು. 90 ಕೊಡುವುದು ನಿಜ. ಆದರೆ ಅದರಲ್ಲಿ ಟರ್ಬೋ ಬೇರೆ, ರೆಕ್ಕೆಗಳ ಕೋನ ಬದಲಿಸಿಕೊಳ್ಳುವ ಜಾತಿಯದ್ದು. ಕಂಪನಿ ಬಿಟ್ಟಿರುವ ಅಂತರ ಸುಮ್ಮನೆ ಬಿಟ್ಟದ್ದೂ ಅಲ್ಲ. ಕೆಟ್ಟ ಡೀಸೆಲ್ಲಿಗೆ, ಬಿಸಿಲಿಗೆ, ಏರಿಗೆ, ಒಂದು ಇಂಜೆಕ್ಟರಿಗೂ ಇನ್ನೊಂದಕ್ಕೂ ಇರುವ ವ್ಯತ್ಯಾಸಕ್ಕೆ ಬಿಟ್ಟದ್ದು. ನಾನು ಚೀಟಿಯಲ್ಲಿ ಬರೆದುಕೊಂಡಿದ್ದ ಪ್ರಶ್ನೆ ಕೇಳಿದೆ. ಒಂದೇ ಸೆನ್ಸರಿಗೆ ಕೂರುತ್ತದೋ, ಟರ್ಬೋದ ಒತ್ತಡವನ್ನೂ ನೋಡುತ್ತದೋ? ಎಷ್ಟು ಏರಿಸಬೇಕೆಂದು ಹೊಂದಿಸಲು ಬರುತ್ತದೋ? ವೈರ್ ಕತ್ತರಿಸುತ್ತೀರೋ, ಕಂಪನಿಯ ಕನೆಕ್ಟರಿಗೇ ಸೇರುತ್ತದೋ? ಅರ್ಧದಾರಿಯಲ್ಲಿ ಕೈಕೊಟ್ಟರೆ ಬೈಪಾಸ್ ಮಾಡಲು ಪ್ಲಗ್ ಕೊಡುತ್ತೀರೋ? ಅವರು ಬೇಸರವಿಲ್ಲದೆ ಉತ್ತರಿಸಿದರು. ಕನೆಕ್ಟರ್ ಕಂಪನಿಯದ್ದೇ, ಪ್ಲಗ್ ಕೊಡುತ್ತಾರೆ, ಒಂದೇ ಸೆನ್ಸರ್. ಕೊನೆಗೆ, "ಈಗ ಈ ಗಾಡಿ ಎಷ್ಟು ಪವರ್ ಕೊಡ್ತಾ ಇದೆ ಅಂತ ಅಳೆದು, ಬಾಕ್ಸ್ ಹಾಕಿದ ಮೇಲೆ ಮತ್ತೆ ಅಳೆದು ತೋರಿಸ್ತೀರಾ?" ಅಂತ ಕೇಳಿದೆ.

"75 ಅಲ್ವಾ ಮೇಡಂ. ಕಂಪನೀನೇ ಬರೆದಿದೆಯಲ್ಲ."

ಹೊರಗೆ ಬಂದು ತಮ್ಮ, "ನೀನು ಇಂಟರ್‌ವ್ಯೂ ಮಾಡಿದ ಹಾಗೆ ಮಾಡಿದೆ, ನಂಗೆ ನಾಚಿಕೆ ಆಯ್ತು" ಅಂದ. ಆದರೆ ಬಾಕ್ಸ್ ತಗೊಳ್ಳಲಿಲ್ಲ. ಹಳದಿ ಬೋರ್ಡಿನ ಗಾಡಿಗೆ ಎಫ್‌ಸಿ ಇದೆ, ಹೊಗೆ ತಪಾಸಣೆ ಇದೆ, ಅಪಘಾತವಾದರೆ ಇನ್ಶೂರೆನ್ಸಿನವರಿಗೆ ತಿಳಿಸದೆ ಮಾಡಿದ ಬದಲಾವಣೆಯ ತಕರಾರು ಇದೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಆರ್‌ಸಿಯ ವಿವರಕ್ಕೂ ಕಂಪನಿಯ ವಿವರಕ್ಕೂ ವ್ಯತ್ಯಾಸ ಬರುವಂಥ ಬದಲಾವಣೆಯನ್ನು ಒಪ್ಪುವುದಿಲ್ಲ. ಇದೆಲ್ಲ ಹೇಳಿದಾಗ ಅವನು ಹೂಂ ಅಂದ. ಅವನನ್ನು ನಿಜವಾಗಿ ತಡೆದದ್ದು ಇದಲ್ಲ. "1200 ಆರ್‌ಪಿಎಂನಲ್ಲಿ ಟರ್ಬೋನೇ ಮಲಗಿರ್ತದಲ್ಲ, ಅಲ್ಲಿ ಡೀಸೆಲ್ ಜಾಸ್ತಿ ಸುರಿದ್ರೆ ಉರಿಯೋಕೆ ಗಾಳಿ ಎಲ್ಲಿಂದ ಬರ್ತದೆ?" ಅಂತ ನಾನು ಕೇಳಿದ್ದಕ್ಕೆ ಅವನು ಉತ್ತರ ಹೇಳಲಿಲ್ಲ, ಕಾಪುವಿನವರೆಗೆ ಸುಮ್ಮನೆ ಓಡಿಸಿದ. ಆಮೇಲೆ, "ಹಾಗಾದ್ರೆ ಮುಂಚೆ ಹೆಂಗೆ ಹತ್ತುತಿತ್ತು?" ಅಂದ.

ಅದು ನಾನು ಕೇಳಬೇಕಾಗಿದ್ದ ಪ್ರಶ್ನೆ. ಗಾಡಿ ಮೂರು ವರ್ಷ ಅದೇ ಘಾಟಿ ಹತ್ತಿತ್ತು, ಅದೇ ನಾಲ್ಕು ಜನ, ಅದೇ ಎಸಿ. ನಾನು ಪವರ್ ಹೇಗೆ ಹೆಚ್ಚಿಸುತ್ತಾರೆ ಎಂದು ವಾರಗಟ್ಟಲೆ ಓದಿದ್ದೆ. ಇದ್ದದ್ದು ಎಲ್ಲಿ ಹೋಯಿತು ಎಂದು ಕೇಳಿರಲಿಲ್ಲ.

ಹೆಬ್ರಿಯಲ್ಲಿ ಟೀ ಕುಡಿದೆವು. ನನ್ನ ಹತ್ತಿರ 600 ರೂಪಾಯಿಯ ಬ್ಲೂಟೂತ್ ಸ್ಕ್ಯಾನರ್ ಇತ್ತು, ಅಂಗಡಿಯವರ ಮುಂದೆ ಜಂಭ ಮಾಡಲು ತಂದದ್ದು. ಒಬಿಡಿ ಸಾಕೆಟ್ಟಿಗೆ ಚುಚ್ಚಿ ಫೋನಿನಲ್ಲಿ ಎಂಜಿನ್ನಿನ ಒಳಗೆ ಹೋಗುವ ಗಾಳಿಯ ಒತ್ತಡ ನೋಡುತ್ತಾ ಕೂತೆ. ಸೋಮೇಶ್ವರ ದಾಟಿದ ಮೇಲೆ ಏರು ಶುರು. ಎರಡನೇ ಗೇರ್, ಕಾಲು ಪೂರ್ತಿ ಕೆಳಗೆ, ಆರ್‌ಪಿಎಂ 2500, ಟರ್ಬೋ ಎದ್ದಿರಲೇಬೇಕಾದ ಜಾಗ. ಸಂಖ್ಯೆ 140 ಕಿಲೋಪ್ಯಾಸ್ಕಲ್ ದಾಟಲಿಲ್ಲ. ಟರ್ಬೋ ಇಲ್ಲದ ಗಾಡಿಯಲ್ಲೇ ನೂರರ ಹತ್ತಿರ ಇರುತ್ತದೆ. ಒಂದು ಅಳತೆಯನ್ನು ನಂಬಬಾರದು ಎಂಬ ಅಭ್ಯಾಸದಿಂದ ಹತ್ತು ಸಲ ನೋಡಿದೆ. ಮಾರನೇ ದಿನ ತಮ್ಮನ ಗೆಳೆಯನದ್ದು, ಅದೇ ಎಂಜಿನ್ನಿನ, ಅದೇ ವಯಸ್ಸಿನ ಗಾಡಿಯಲ್ಲಿ ಅದೇ ಏರು ಹತ್ತಿದೆವು. 210.

ನಡುವೆ, ಒಂಬತ್ತನೆಯದೋ ಹತ್ತನೆಯದೋ ತಿರುವಿನಲ್ಲಿ ಎದುರಿನ ಟೆಂಪೋಗೆ ದಾರಿ ಬಿಟ್ಟು ನಿಂತಿದ್ದಾಗ ನಾನು ಫೋನಿನಿಂದ ಕಣ್ಣು ತೆಗೆಯದೆ, "ಫೆಲೋಶಿಪ್ ಮಾರ್ಚಿಗೇ ಮುಗೀತು ಕಣೋ" ಅಂದೆ. ಅವನು ಹ್ಯಾಂಡ್‌ಬ್ರೇಕ್ ಎಳೆದ. "ಮತ್ತೆ ಮೆಸ್ಸಿಗೆ?" ಎರಡು ಕಡೆ ಟ್ಯೂಷನ್ ಹೇಳ್ತೀನಿ ಅಂದೆ. "ಅಮ್ಮಂಗೆ ಗೊತ್ತಾ?" ಇಲ್ಲ ಅಂದೆ. ಟೆಂಪೋ ಹೋಯಿತು. "ಹೇಳ್ಬೇಕಿತ್ತು ಮಾರಾಯ್ತಿ. ಆರು ತಿಂಗಳು ಆರು ತಿಂಗಳು ಅಂತೀಯ, ನಾನೂ ಹಂಗೇ ಲೆಕ್ಕ ಹಾಕ್ಕೊಂಡು ಕೂತಿದ್ದೆ" ಅಂದು ಮೊದಲನೇ ಗೇರಿಗೆ ಹಾಕಿದ. ಆಗುಂಬೆಯ ಚೆಕ್‌ಪೋಸ್ಟಿನವರೆಗೆ ಇಬ್ಬರೂ ಮಾತಾಡಲಿಲ್ಲ.

ಕೊಪ್ಪದ ಗ್ಯಾರೇಜಿನ ಮೇಸ್ತ್ರಿ ಸಂಖ್ಯೆಗಳನ್ನು ಕೇಳಿ ನಕ್ಕು, ಬಾನೆಟ್ ಎತ್ತಿ, ಒಬ್ಬ ಹುಡುಗನಿಗೆ ಎಕ್ಸಿಲರೇಟರ್ ಒತ್ತಲು ಹೇಳಿ ಕಿವಿಗೊಟ್ಟರು. ಟರ್ಬೋದಿಂದ ಎಂಜಿನ್ನಿಗೆ ಗಾಳಿ ಒಯ್ಯುವ ರಬ್ಬರ್ ಪೈಪಿನ ಕೆಳಬದಿ, ಕೈ ಹೋಗದ ಜಾಗದಲ್ಲಿ, ಬೆರಳುದ್ದ ಸೀಳಿತ್ತು. ಸುಮ್ಮನಿದ್ದಾಗ ಮುಚ್ಚಿಕೊಂಡು, ಒತ್ತಡ ಬಂದಾಗ ಬಾಯಿ ಬಿಡುತ್ತಿತ್ತು. ಸುತ್ತ ಎಣ್ಣೆಯ ಜಿಡ್ಡು. "ಈ ಗಾಡಿಗೆ ಆ ಡಬ್ಬಿ ಹಾಕಿದ್ರೆ ಗಾಳಿ ಇಲ್ದೆ ಬರೀ ಹೊಗೆ ಕಾರ್ತಿತ್ತು" ಅಂದರು. ಇಜಿಆರ್ ವಾಲ್ವಿನೊಳಗೆ ಮಸಿ ಕಾಡಿಗೆಯ ಹಾಗೆ ಕಟ್ಟಿತ್ತು, ಏರ್ ಫಿಲ್ಟರ್ ಕಳೆದ ಬೇಸಿಗೆಯ ಧೂಳಿನಲ್ಲಿ ಬಣ್ಣವೇ ಬದಲಾಗಿತ್ತು. ಪೈಪು, ಫಿಲ್ಟರು, ಶುಚಿಗೊಳಿಸಿದ್ದು, ಕೂಲಿ ಎಲ್ಲ ಸೇರಿ 5,300 ರೂಪಾಯಿ. ಉಳಿದ ಹಣದಲ್ಲಿ ಮುಂದಿನ ಎರಡು ಟೈರು ಹಾಕಿಸಿದ.

ಈಗ ಸ್ಕ್ಯಾನರಿನಲ್ಲಿ 200ರ ಮೇಲೆ ತೋರಿಸುತ್ತದೆ. 1200 ಆರ್‌ಪಿಎಂನಲ್ಲಿ ಗಾಡಿ ಈಗಲೂ ಯೋಚಿಸುತ್ತದೆ, ಅದು ಆ ಟರ್ಬೋದ ಜಾಯಮಾನ, ಯಾವ ಪೈಪಿನಿಂದಲೂ ಹೋಗುವುದಿಲ್ಲ. ತಮ್ಮ ತಿರುವಿಗೆ ಮುಂಚೆಯೇ ಮೊದಲನೇ ಗೇರಿಗೆ ಇಳಿಸುತ್ತಾನೆ, ನಾಲ್ಕು ಜನರಿದ್ದರೆ ಏಳನೇ ತಿರುವಿನಿಂದ ಎಸಿ ಆಫ್ ಮಾಡಿ, "ಕಿಟಕಿ ಇಳಿಸಿ ಸರ್, ಕಾಡಿನ ಗಾಳಿ ಚೆನ್ನಾಗಿರ್ತದೆ" ಅನ್ನುತ್ತಾನಂತೆ. ಹೋಂಸ್ಟೇಯವರು ಇನ್ನೂ ಕರೆದಿಲ್ಲ. ಅವರು ಹೊಸ ಎಸ್‌ಯುವಿ ಇರುವ ಇನ್ನೊಬ್ಬನಿಗೆ ಒಪ್ಪಿಸಿದ್ದಾರೆ.

ಬಿಚ್ಚಿದ ಚಿಪ್ ನನ್ನ ಮೇಜಿನ ಮೇಲಿದೆ. ಒಂಬತ್ತು ವೋಲ್ಟಿನ ಬ್ಯಾಟರಿ ಕೊಟ್ಟರೆ ಮೂರೂ ದೀಪ ಮಿಣುಕುತ್ತವೆ. ನಾಲ್ಕನೇ ಅಧ್ಯಾಯ ಮುಗಿದಿದೆ, ಐದನೆಯದು ಅರ್ಧ. ಅಮ್ಮನಿಗೆ ದೀಪಾವಳಿಗೆ ಊರಿಗೆ ಹೋದಾಗ ಹೇಳಿದೆ. ಅವಳು ಮೊದಲು ಕೇಳಿದ್ದು, "ಅವನಿಗೆ ಗೊತ್ತಾ?"